ಸುಖದ ಲೆಕ್ಕ, ಕುರಿಯ ಲೆಕ್ಕ: ಸ್ಕಾಟ್ಲೆಂಡಿನ ಜಮೀನ್ದಾರ ಸರ್ ಜಾನ್ ಸಿಂಕ್ಲೇರ್

1790ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಒಂಬೈನೂರಕ್ಕೂ ಹೆಚ್ಚು ಪ್ಯಾರಿಷ್‌ಗಳ (ಒಂದೊಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರುಗಳ ಗುಂಪುಗಳ) ಪಾದ್ರಿಗಳಿಗೆ ಒಬ್ಬ ಜಮೀನ್ದಾರನಿಂದ ಒಂದೇ ಒಕ್ಕಣೆಯ ಪತ್ರ ಹೋಯಿತು. ಪತ್ರದ ಜೊತೆಗೆ 160 ಪ್ರಶ್ನೆಗಳ ಪಟ್ಟಿಯೊಂದಿತ್ತು. ನಿಮ್ಮ ಪ್ಯಾರಿಷ್‌ನ ಉದ್ದಗಲವೆಷ್ಟು, ಮಣ್ಣು ಎಂಥದು, ಹವೆ ಆರೋಗ್ಯಕರವೇ, ಜನಸಂಖ್ಯೆ ಎಷ್ಟು, ವರ್ಷಕ್ಕೆ ಎಷ್ಟು ಹುಟ್ಟು, ಎಷ್ಟು ಸಾವು, ಎಷ್ಟು ಮದುವೆ, ಕೂಲಿಯ ದರವೇನು, ಆಹಾರಪದಾರ್ಥಗಳ ಬೆಲೆಯೇನು ಎಂದು ಕೇಳುತ್ತ ಹೋಗುವ ಆ ಪಟ್ಟಿಯಲ್ಲಿ ಇನ್ನೊಂದು ಬಗೆಯ ಪ್ರಶ್ನೆಯೂ ಇತ್ತು: ಜನ ಬದುಕಿನ ಸೌಕರ್ಯಗಳನ್ನು ಅನುಭವಿಸುತ್ತಿದ್ದಾರೆಯೇ, ತಮ್ಮ ಸ್ಥಿತಿಯಲ್ಲಿ ತೃಪ್ತರಾಗಿದ್ದಾರೆಯೇ? ಪತ್ರ ಬರೆದವನು ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿರುವ ಕೇತ್‌ನೆಸ್ ಕೌಂಟಿಯ ಸರ್ ಜಾನ್ ಸಿಂಕ್ಲೇರ್. ಒಂದು ದೇಶದ ಜನರ ಪಾಲಿಗೆ ಬಂದಿರುವ ಸುಖದ ಪ್ರಮಾಣ ಎಷ್ಟು, ಅದನ್ನು ಇನ್ನೂ ಹೆಚ್ಚಿಸುವ ದಾರಿ ಯಾವುದು ಎಂಬುದನ್ನು ಕಂಡುಕೊಳ್ಳುವುದೇ ತನ್ನ ವಿಚಾರಣೆಯ ಉದ್ದೇಶವೆಂದು ಆತ ಹೇಳಿಕೊಂಡಿದ್ದ.

ಎರಡು ವರ್ಷಗಳ ತರುವಾಯ, 1792ರಲ್ಲಿ, ಅದೇ ಮನುಷ್ಯ ತನ್ನ ಲ್ಯಾಂಗ್‌ವೆಲ್ ಎಸ್ಟೇಟಿಗೆ ದಕ್ಷಿಣದ ಬೆಟ್ಟಗಳಿಂದ 500 ಹೆಣ್ಣುಕುರಿಗಳನ್ನು ತರಿಸಿದ. ಆ ಕುರಿಗಳಿಗೆ ಜಾಗ ತೆರವಾಗಬೇಕಾಗಿ ಬಂದಾಗ ಕಣಿವೆಯ ಒಕ್ಕಲುಗಳು ಸಮುದ್ರದ ಅಂಚಿನ ಕಡಿದಾದ ಬಂಡೆಗಳ ನೆತ್ತಿಗೆ ಹೋಗಿ ನೆಲೆಸಬೇಕಾಯಿತು. ಈ ಎರಡೂ ಕೆಲಸಗಳ ಹಿಂದೆ ಇದ್ದುದು ಒಂದೇ ಮನಸ್ಸು, ಒಂದೇ ಶ್ರದ್ಧೆ. ಅದು ಹೇಗೆಂದು ತಿಳಿಯಬೇಕಾದರೆ ಆ ಕಾಲದ ಸ್ಕಾಟ್ಲೆಂಡಿನಲ್ಲಿ ಬೇಸಾಯ ಹೇಗೆ ನಡೆಯುತ್ತಿತ್ತು, ‘ಸುಧಾರಣೆ’ ಎಂಬ ಮಾತಿಗೆ ಅಲ್ಲಿ ಏನರ್ಥವಿತ್ತು ಎಂಬಲ್ಲಿಂದ ಆರಂಭಿಸಬೇಕು.

ಭೂಸುಧಾರಣೆ ಎಂದೊಡನೆ ಕರ್ನಾಟಕದ ಓದುಗರಿಗೆ ನೆನಪಾಗುವುದು 1974ರ ತಿದ್ದುಪಡಿ. ಉಳುವವನೇ ಹೊಲದೊಡೆಯನಾದ, ಗೇಣಿ ಪದ್ಧತಿ ಕೊನೆಗೊಂಡ ಸುಧಾರಣೆ ಅದು. ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಆ ಮಾತು ಒಡೆತನದ ಗೊಡವೆಗೇ ಹೋಗುತ್ತಿರಲಿಲ್ಲ. ಒಡೆಯ ಒಡೆಯನಾಗಿಯೇ ಉಳಿದು, ತನ್ನ ನೆಲದ ಹೊಲಗಳ ಆಕಾರ, ಬೆಳೆಗಳ ಸರದಿ, ದನಕರುಗಳ ತಳಿ, ಗೇಣಿಯ ಕರಾರು, ಕಡೆಗೆ ಆ ನೆಲದ ಮೇಲೆ ಯಾರು ಎಲ್ಲಿ ಇರಬೇಕೆಂಬುದನ್ನೂ ಹೊಸದಾಗಿ ಏರ್ಪಡಿಸುವುದಕ್ಕೆ ಅಲ್ಲಿ ಸುಧಾರಣೆ ಎಂಬ ಹೆಸರಿತ್ತು. ಒರ್ಮಿಸ್ಟನ್‌ನ ಜಾನ್ ಕೋಬರ್ನ್, ಮಾನಿಮಸ್ಕ್‌ನ ಸರ್ ಆರ್ಚಿಬಾಲ್ಡ್ ಗ್ರಾಂಟ್ ಮೊದಲಾದವರು ಸಿಂಕ್ಲೇರ್ ಹುಟ್ಟುವ ಮೊದಲೇ ಈ ಹಾದಿ ಹಿಡಿದಿದ್ದರು. ಅವರಲ್ಲಿ ಕೋಬರ್ನ್ ಸುಧಾರಣೆಯ ಖರ್ಚಿನಲ್ಲೇ ಸಾಲಗಾರನಾಗಿ ಕೊನೆಗೆ ಎಸ್ಟೇಟನ್ನು ಮಾರಿಕೊಂಡ. ದಂಗೆಯನ್ನು ಅಡಗಿಸಿದ 1746ರ ಕಲೋಡನ್ ಕದನದ ನಂತರ ಸರ್ಕಾರ ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡಿನ ಕುಲನಾಯಕರ ನ್ಯಾಯಾಧಿಕಾರವನ್ನೂ ಕಿತ್ತುಹಾಕಿದ್ದರಿಂದ, ಹಿಂದೆ ತನ್ನ ಜೊತೆ ಕತ್ತಿ ಹಿಡಿದು ಬರುವ ಆಳುಗಳ ಸಂಖ್ಯೆಯಲ್ಲಿ ಅಳೆಯುತ್ತಿದ್ದ ಒಡೆಯನ ಹಿರಿಮೆಯನ್ನು ಇನ್ನು ಮುಂದೆ ಕೈಗೆ ಬರುವ ಗೇಣಿಯ ಮೊತ್ತದಲ್ಲಿ ಅಳೆಯುವಂತಾಯಿತು. ಸಿಂಕ್ಲೇರ್‌ನ ತಲೆಮಾರು ಬೆಳೆದದ್ದು ಈ ಬದಲಾವಣೆಯ ನಡುವೆ.

ಆತ ಹುಟ್ಟಿದ್ದು 1754ರ ಮೇ 10ರಂದು, ಥರ್ಸೊ ಎಂಬ ಕಡಲತೀರದ ಊರಿನ ಕೋಟೆಮನೆಯಲ್ಲಿ. ತಂದೆ ಅಲ್‌ಬ್‌ಸ್ಟರ್‌ನ ಜಾರ್ಜ್ ಸಿಂಕ್ಲೇರ್. ತಾಯಿ ಜಾನೆಟ್ ಪಕ್ಕದ ಸದರ್‌ಲ್ಯಾಂಡ್ ಸೀಮೆಯ ಅರ್ಲ್ ಮನೆತನದ ಮಗಳು. 1770ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಹದಿನಾರು ವರ್ಷ. ವಿಸ್ತಾರವಾದ, ಆದರೆ ಉತ್ಪತ್ತಿ ಕಡಿಮೆಯಾದ ಜಮೀನು ಆತನ ಹೆಗಲಿಗೆ ಬಂತು. ಎಡಿನ್‌ಬರೊ, ಗ್ಲಾಸ್ಗೊ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳಲ್ಲಿ ಓದಿ, ವಕೀಲನಾಗಿ ನೋಂದಾಯಿಸಿಕೊಂಡರೂ ಆತ ವಕೀಲಿ ವೃತ್ತಿಗೆ ಇಳಿಯಲಿಲ್ಲ.

ಆತನ ಕೈಗೆ ಬಂದ ನೆಲದಲ್ಲಿ ಬೇಸಾಯ ನಡೆಯುತ್ತಿದ್ದುದು ರನ್‌ರಿಗ್ ಎಂಬ ಹಳೆಯ ಪದ್ಧತಿಯಲ್ಲಿ. ಹಲವು ಒಕ್ಕಲುಗಳು ಕೂಡಿ ಒಂದು ಜಮೀನನ್ನು ಗೇಣಿಗೆ ಹಿಡಿಯುತ್ತಿದ್ದರು. ನೆಲವನ್ನು ಉದ್ದುದ್ದ ದಿಂಡುಗಳಾಗಿ ಏರಿಸಿ ಉತ್ತು, ಒಬ್ಬೊಬ್ಬರಿಗೂ ಅಲ್ಲೊಂದು ಇಲ್ಲೊಂದು ದಿಂಡು ಬರುವಂತೆ ಹಂಚಿಕೊಳ್ಳುತ್ತಿದ್ದರು. ಹಲವೆಡೆ ಈ ಹಂಚಿಕೆಯನ್ನು ಆಗಾಗ ಬದಲಿಸುವ ರೂಢಿಯೂ ಇತ್ತು. ಒಳ್ಳೆಯ ಮಣ್ಣು ಒಬ್ಬನ ಪಾಲಿಗೇ, ಜವುಗು ಇನ್ನೊಬ್ಬನ ಪಾಲಿಗೇ ಹೋಗಬಾರದೆಂಬ ನ್ಯಾಯ ಅದರ ಹಿಂದಿತ್ತು ಎಂಬುದನ್ನು ಮರೆಯಬಾರದು. ಆದರೆ ಅದರ ತೊಡಕೂ ಅಲ್ಲೇ ಇತ್ತು: ಇವತ್ತು ನಾನು ನೀರು ಬಸಿಯುವ ಕಾಲುವೆ ತೋಡಿ ಗೊಬ್ಬರ ಹಾಕಿದ ದಿಂಡು ನಾಳೆ ಇನ್ನೊಬ್ಬನ ಪಾಲಿಗೆ ಹೋಗುವುದಾದರೆ ತೋಡುವವರು ಯಾರು? ನಡುವೆ ಬೇಲಿ ಇಲ್ಲದ್ದರಿಂದ ಕಟಾವು ಮುಗಿದೊಡನೆ ಎಲ್ಲರ ದನಗಳೂ ಎಲ್ಲರ ಹೊಲದಲ್ಲಿ ಮೇಯುತ್ತಿದ್ದವು. ಒಬ್ಬನೇ ಹೊಸ ಬೆಳೆ ಹಾಕಿ ನೋಡೋಣವೆಂದರೆ ಅದು ಚಳಿಗಾಲದಲ್ಲಿ ಉಳಿಯುವಂತಿರಲಿಲ್ಲ.

ಊರಿಗೆ ಹತ್ತಿರದ ನೆಲ ಒಳಹೊಲ, ದೂರದ್ದು ಹೊರಹೊಲ. ಇದ್ದಬದ್ದ ಗೊಬ್ಬರವೆಲ್ಲ ಒಳಹೊಲಕ್ಕೆ ಹೋಗುತ್ತಿತ್ತು. ಅಲ್ಲಿ ವರ್ಷ ವರ್ಷವೂ ಓಟ್ಸ್ ಮತ್ತು ಬಾರ್ಲಿ. ಹೊರಹೊಲದಲ್ಲಿ ಮಣ್ಣಿನ ಸಾರ ತೀರುವ ತನಕ ಓಟ್ಸ್ ಬೆಳೆದು, ಆಮೇಲೆ ಬೀಳು ಬಿಡುತ್ತಿದ್ದರು. ಚಳಿಗಾಲಕ್ಕೆ ಮೇವು ಸಾಲುತ್ತಿರಲಿಲ್ಲ. ವಸಂತದ ಹೊತ್ತಿಗೆ ದನಗಳು ಎಷ್ಟು ಸೊರಗುತ್ತಿದ್ದವೆಂದರೆ ಹಲವು ಕಡೆ ಜನ ಕೂಡಿ ಅವುಗಳನ್ನು ಎತ್ತಿ ನಿಲ್ಲಿಸಿ ಹುಲ್ಲಿನ ಬಯಲಿಗೆ ಸಾಗಿಸಬೇಕಾಗುತ್ತಿತ್ತು. ಕೇತ್‌ನೆಸ್‌ನಲ್ಲಿ ಗಾಡಿ ಅಪರೂಪ. ಗಾಡಿ ಓಡಾಡುವ ರಸ್ತೆಯೂ ಇರಲಿಲ್ಲ. ಗೊಬ್ಬರವನ್ನು ಹುಲ್ಲಿನಿಂದ ಹೆಣೆದ ಬುಟ್ಟಿಗಳಲ್ಲಿ ತುಂಬಿ ಹೊಲಕ್ಕೆ ಹೊರುತ್ತಿದ್ದವರು ಹೆಂಗಸರು. ಬೆನ್ನು ಬಾಗಿದ ಆ ಹೆಂಗಸರ ಸಾಲು ಕೇತ್‌ನೆಸ್‌ಗೆ ಬಂದವರ ಕಣ್ಣಿಗೆ ಎದ್ದು ಕಾಣುತ್ತಿತ್ತು. ಇದರ ಮೇಲೆ ಒಡೆಯನಿಗೆ ಬಿಟ್ಟಿ ದುಡಿಮೆಯ ದಿನಗಳು, ಕಡಿದು ಒಣಗಿಸಿ ಕೊಡಬೇಕಾದ ಪೀಟ್ ಉರುವಲು, ಕಾಣಿಕೆಯ ಕೋಳಿ, ಒಡೆಯನ ಗಿರಣಿಯಲ್ಲೇ ಕಾಳು ಬೀಸಿಸಬೇಕೆಂಬ ಕಟ್ಟಳೆ. ಹಳೆಯ ಪದ್ಧತಿಯನ್ನು ನೆನೆದು ಮರುಗುವವರು ಈ ಬುಟ್ಟಿಯ ಭಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ನನ್ನ ಎಣಿಕೆ.

ಸಿಂಕ್ಲೇರ್ ಮೊದಲು ಹೆಸರಾದದ್ದು ಒಂದು ರಸ್ತೆಯಿಂದ. ಬೆನ್ ಚೀಲ್ಟ್ ಎಂಬ ಗುಡ್ಡದ ಮೇಲೆ ರಸ್ತೆ ಮಾಡುವುದು ಆಗದ ಮಾತೆಂದು ಹಿರಿಯರೆಲ್ಲ ಕೈಚೆಲ್ಲಿದ್ದಾಗ, ಹದಿನೆಂಟರ ಹರೆಯದ ಆತ ಆ ಕಾಲದ ಕಾನೂನಿನಂತೆ ರಸ್ತೆ ಕೆಲಸಕ್ಕೆ ಬರಬೇಕಾಗಿದ್ದ ಜನರನ್ನೆಲ್ಲ, ಒಟ್ಟು 1260 ಮಂದಿಯನ್ನು, ಒಂದೇ ಬೆಳಗ್ಗೆ ಸೇರಿಸಿದ. ಯಾರು ಯಾವ ತುಂಡಿನಲ್ಲಿ ಕೆಲಸ ಮಾಡಬೇಕೆಂದು ಮೊದಲೇ ಗುರುತು ಹಾಕಿಸಿ, ಸಲಕರಣೆ ಮತ್ತು ಊಟವನ್ನು ಅಲ್ಲಲ್ಲೇ ಸಿದ್ಧಪಡಿಸಿ ಇಟ್ಟಿದ್ದ. ಬೆಳಗ್ಗೆ ಕುರಿ ನಡೆಯುವುದೇ ಕಷ್ಟವಾಗಿದ್ದ ಜಾಡು ಸಂಜೆಯ ಹೊತ್ತಿಗೆ ಗಾಡಿ ಹೋಗುವ ದಾರಿಯಾಯಿತು ಎಂಬುದು ಆತನ ಜೀವನಕಥೆಯನ್ನು ಹೇಳಿದವರೆಲ್ಲ ಹೇಳುವ ಮಾತು. ಆತನ ಬಲವೂ ಮಿತಿಯೂ ಈ ಒಂದು ಘಟನೆಯಲ್ಲಿ ಕಾಣುತ್ತವೆ. ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ನೂರಾರು ಕೈಗಳಿಗೆ ಹಂಚಿ, ಒಟ್ಟಿಗೆ ಮುಗಿಸುವ ಕಲೆ ಆತನಿಗೆ ಸಿದ್ಧಿಸಿತ್ತು. ಆದರೆ ಯೋಜನೆ ಹಾಕಿಕೊಡುವವನು ಸದಾ ಆತನೇ. ಉಳಿದವರದು ಗುರುತು ಹಾಕಿದ ಜಾಗದಲ್ಲಿ ನಿಲ್ಲುವ ಕೆಲಸ.

ತನ್ನ ಜಮೀನಿನಲ್ಲಿ ಆತ ಮಾಡಿದ್ದೂ ಇದನ್ನೇ. ಚೆಲ್ಲಾಪಿಲ್ಲಿಯಾಗಿದ್ದ ದಿಂಡುಗಳನ್ನು ಕೂಡಿಸಿ ಒಬ್ಬೊಬ್ಬ ಒಕ್ಕಲಿಗೆ ಒಂದೇ ಕಡೆ ಹೊಲ ಬರುವಂತೆ ಅಳೆಸಿದ, ಬಿಟ್ಟಿ ದುಡಿಮೆಯ ಬದಲು ಹಣದ ಗೇಣಿ ಗೊತ್ತುಮಾಡಿದ, ಟರ್ನಿಪ್ ಗೆಡ್ಡೆ ಮತ್ತು ಕ್ಲೋವರ್ ಹುಲ್ಲನ್ನು ಬೆಳೆಗಳ ಸರದಿಯೊಳಗೆ ತಂದ. ಕೇಳುವುದಕ್ಕೆ ಸಣ್ಣದೆನಿಸುವ ಈ ಕೊನೆಯ ಬದಲಾವಣೆಯೇ ಇಡೀ ಸುಧಾರಣೆಯ ಕೀಲಿ. ಟರ್ನಿಪ್ ಚಳಿಗಾಲದಲ್ಲಿ ದನಕ್ಕೆ ಮೇವಾಗುತ್ತದೆ. ಚಳಿಗಾಲ ದಾಟಿದ ದನ ಹೆಚ್ಚು ಗೊಬ್ಬರ ಕೊಡುತ್ತದೆ. ಹೆಚ್ಚು ಗೊಬ್ಬರ ಬಿದ್ದ ಹೊಲ ಹೆಚ್ಚು ಕಾಳು ಕೊಡುತ್ತದೆ. ಟರ್ನಿಪ್‌ನ ಸಾಲುಗಳ ನಡುವೆ ಕಳೆ ತೆಗೆಯುವುದೂ ಸುಲಭವಾದ್ದರಿಂದ ಮುಂದಿನ ವರ್ಷದ ಬಾರ್ಲಿಗೆ ಹೊಲ ಶುದ್ಧವಾಗಿ ಸಿಗುತ್ತದೆ. ಕ್ಲೋವರ್ ನಮ್ಮ ಹುರುಳಿ, ಅವರೆಗಳ ಹಾಗೆ ದ್ವಿದಳದ ಜಾತಿ. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳ ಮೂಲಕ ಮಣ್ಣಿಗೆ ಸೇರಿಸುತ್ತದೆ. ಸಾರಜನಕದ ಈ ಗುಟ್ಟು ಆ ಕಾಲದವರಿಗೆ ತಿಳಿದಿರಲಿಲ್ಲ, ಆದರೆ ಕ್ಲೋವರ್ ಬೆಳೆದ ಹೊಲದಲ್ಲಿ ಮರುವರ್ಷದ ಫಸಲು ಚೆನ್ನಾಗಿ ಬರುವುದನ್ನು ಅವರು ಕಣ್ಣಾರೆ ಕಂಡಿದ್ದರು. ಇದೆಲ್ಲ ನಡೆಯಬೇಕಾದರೆ ಚಳಿಗಾಲದಲ್ಲೂ ಹೊಲಕ್ಕೆ ಕಾವಲು ಬೇಕು, ಅಂದರೆ ಬೇಲಿ ಬೇಕು. ಮರವೇ ಇಲ್ಲದ ಕೇತ್‌ನೆಸ್‌ನಲ್ಲಿ ಬೇಲಿಗೆ ಒದಗಿದ್ದು ಅಲ್ಲಿಯದೇ ಚಪ್ಪಡಿಗಲ್ಲು. ಪದರ ಪದರವಾಗಿ ಏಳುವ ಆ ಕಲ್ಲನ್ನು ಒಂದರ ಪಕ್ಕ ಒಂದು ಹಲಗೆಯಂತೆ ನೆಟ್ಟಗೆ ನಿಲ್ಲಿಸಿದ ಬೇಲಿಗಳನ್ನು ಇಂದಿಗೂ ಆ ಸೀಮೆಯಲ್ಲಿ ಕಾಣಬಹುದು. ಥರ್ಸೊ ಊರಿಗೂ ಆತ ಹೊಸ ನಕ್ಷೆ ಹಾಕಿಸಿದ. ನೇರ ಬೀದಿಗಳ ಆ ಬಡಾವಣೆಯ ನಡುವಿನ ಚೌಕಕ್ಕೆ ಇಂದೂ ಆತನದೇ ಹೆಸರಿದೆ.

1780ರಲ್ಲಿ ಆತ ಕೇತ್‌ನೆಸ್‌ನ ಪ್ರತಿನಿಧಿಯಾಗಿ ಬ್ರಿಟಿಷ್ ಪಾರ್ಲಿಮೆಂಟಿಗೆ ಹೋದ. ನಡುನಡುವೆ ಬೇರೆ ಕ್ಷೇತ್ರಗಳಿಂದಲೂ ಆರಿಸಿಬಂದು, 1811ರವರೆಗೆ ಹೆಚ್ಚುಕಡಿಮೆ ಅಲ್ಲಿಯೇ ಇದ್ದ. ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್‌ನ ಪರಿಚಯ ಆತನಿಗಿತ್ತು. ಅಮೆರಿಕದ ಯುದ್ಧದಲ್ಲಿ ಸಾರಟೋಗದಲ್ಲಿ ಇಂಗ್ಲಿಷ್ ಸೈನ್ಯ ಶರಣಾದಾಗ ದೇಶ ಹಾಳಾಗಿಹೋಯಿತೆಂದು ಕಳವಳಿಸಿದ ಯುವಕನಿಗೆ, ಒಂದು ದೇಶ ಹಾಳಾಗುವುದು ಅಷ್ಟು ಸುಲಭವಲ್ಲ ಎಂಬರ್ಥದ ಪ್ರಸಿದ್ಧ ಉತ್ತರವನ್ನು ಕೊಟ್ಟವನು ಸ್ಮಿತ್. ಬ್ರಿಟನ್ನಿನ ಸರ್ಕಾರಿ ಆದಾಯದ ಚರಿತ್ರೆಯನ್ನು ಸಿಂಕ್ಲೇರ್ ಮೂರು ಸಂಪುಟಗಳಲ್ಲಿ ಬರೆದ. 1786ರಲ್ಲಿ ಬ್ಯಾರನೆಟ್ ಎಂಬ ವಂಶಪಾರಂಪರ್ಯದ ಗೌರವ ಪದವಿ ಬಂತು. ಅದೇ ವರ್ಷ ಉತ್ತರ ಯೂರೋಪಿನ ದೀರ್ಘ ಪ್ರವಾಸಕ್ಕೆ ಹೊರಟ ಆತ ಸ್ವೀಡನ್, ರಷ್ಯಾ, ಪೋಲೆಂಡ್, ಜರ್ಮನಿಗಳನ್ನು ಸುತ್ತಿ, ಆ ಪ್ರವಾಸದಿಂದ ಒಂದು ಪದವನ್ನು ಹೊತ್ತು ತಂದ.

ಆ ಪದ ‘ಸ್ಟ್ಯಾಟಿಸ್ಟಿಕ್ಸ್’. ಜರ್ಮನ್ ವಿದ್ವಾಂಸರಲ್ಲಿ ಅದು ಒಂದು ರಾಜ್ಯದ ಸೈನ್ಯ, ಬೊಕ್ಕಸ, ಬಲಾಬಲಗಳ ವಿವರಣೆಗೆ ಸಲ್ಲುತ್ತಿದ್ದ ಪದ. ಸಿಂಕ್ಲೇರ್ ಪದವನ್ನು ಉಳಿಸಿಕೊಂಡು ಅರ್ಥವನ್ನು ಬದಲಿಸಿದ: ರಾಜ್ಯದ ಬಲದ ಬದಲು ಜನರ ಸುಖ ಅದರ ವಿಷಯವಾಯಿತು. ಹೊಸ ಪದವಾದರೆ ಜನರ ಗಮನ ಸೆಳೆಯಬಹುದೆಂದು ತಾನು ಅದನ್ನು ಆರಿಸಿಕೊಂಡದ್ದಾಗಿ ಆತನೇ ಹೇಳಿದ್ದಾನೆ. ಇಂದು ನಾವು ಅಂಕಿಅಂಶ ಎನ್ನುವಾಗ ಮನಸ್ಸಿಗೆ ಬರುವುದು ಕೋಷ್ಟಕ ಮತ್ತು ಶೇಕಡಾವಾರು. ಆತನಿಗೆ ಸಂಖ್ಯೆ ಒಂದು ಭಾಗ ಮಾತ್ರ; ಒಂದು ಊರಿನ ಬದುಕಿನ ಸಮಗ್ರ ಸ್ಥಿತಿಗತಿಯೇ ಅದರ ತಿರುಳು.

ಇದನ್ನು ಸಂಗ್ರಹಿಸಲು ಆತ ಪಾದ್ರಿಗಳನ್ನೇ ಏಕೆ ಆರಿಸಿಕೊಂಡ? ಸ್ಕಾಟ್ಲೆಂಡಿನಲ್ಲಿ 938 ಪ್ಯಾರಿಷ್‌ಗಳಿದ್ದವು. ಪ್ರತಿಯೊಂದರಲ್ಲೂ ವಿಶ್ವವಿದ್ಯಾಲಯದಲ್ಲಿ ಓದಿದ, ಅಲ್ಲಿಯೇ ನೆಲೆಸಿದ, ಪ್ರತಿ ಮನೆಯ ಹುಟ್ಟು ಸಾವು ಮದುವೆ ಬಲ್ಲ ಒಬ್ಬ ಪಾದ್ರಿ ಇದ್ದ. ಆತನ ಸಂಬಳ ಬಹುಮಟ್ಟಿಗೆ ಧಾನ್ಯದ ಲೆಕ್ಕದಲ್ಲಿ ಗೊತ್ತಾಗಿರುತ್ತಿದ್ದುದರಿಂದ ಧಾರಣೆ ಆತನಿಗೆ ಬಾಯಿಪಾಠ. ಚರ್ಚಿಗೆ ಸೇರಿದ ತುಂಡು ಹೊಲವನ್ನು ತಾನೇ ಬೇಸಾಯ ಮಾಡಿಸುತ್ತಿದ್ದುದರಿಂದ ಬೆಳೆಯ ಸಂಗತಿಯೂ ಗೊತ್ತು. ಪಾದ್ರಿಗಳ ಮೂಲಕ ಎಣಿಸುವ ದಾರಿಯನ್ನು ಅಲೆಕ್ಸಾಂಡರ್ ವೆಬ್‌ಸ್ಟರ್ ಎಂಬ ಎಡಿನ್‌ಬರೊ ಪಾದ್ರಿ 1755ರಲ್ಲಿಯೇ ತೋರಿಸಿಕೊಟ್ಟಿದ್ದ. ಆತನ ಲೆಕ್ಕದಲ್ಲಿ ಸ್ಕಾಟ್ಲೆಂಡಿನ ಜನಸಂಖ್ಯೆ ಸುಮಾರು 12 ಲಕ್ಷ 65 ಸಾವಿರ.

ಉತ್ತರಗಳು ಸಲೀಸಾಗಿ ಬರಲಿಲ್ಲ. ಇದು ಹೊಸ ತೆರಿಗೆಯ ಮುನ್ಸೂಚನೆಯೆಂದು ರೈತರು ಹೆದರಿದರು. ಗೇಣಿ ಏರಿಸುವ ಹೂಟವೆಂದು ಕೆಲವರು ಶಂಕಿಸಿದರು. ಒಡೆಯರ ಎದುರು ಕಟ್ಟುವುದು ಬೇಡವೆಂದು ಕೆಲವು ಪಾದ್ರಿಗಳು ಸುಮ್ಮನಾದರು. ಸಿಂಕ್ಲೇರ್ ಬಿಡಲಿಲ್ಲ. ಮತ್ತೆ ಮತ್ತೆ ಸುತ್ತೋಲೆ ಕಳಿಸಿದ, ಪುಸ್ತಕದ ಲಾಭವನ್ನು ಪಾದ್ರಿಗಳ ಮಕ್ಕಳ ನೆರವಿಗಿದ್ದ ಸಂಘಕ್ಕೆ ಬಿಟ್ಟುಕೊಟ್ಟ, ಆ ಸಂಘಕ್ಕೆ ರಾಜನಿಂದ 2000 ಪೌಂಡ್ ಅನುದಾನ ಕೊಡಿಸಿದ. ಕೊನೆಗೂ ಉತ್ತರ ಬಾರದ ಪ್ಯಾರಿಷ್‌ಗಳಿಗೆ ತನ್ನದೇ ಜನರನ್ನು ಕಳಿಸಿ ಬರೆಸಿದ. 1791ರಿಂದ 1799ರವರೆಗೆ 21 ಸಂಪುಟಗಳು ಹೊರಬಂದವು. ಕೆಲಸಕ್ಕೆ ಹಿಡಿದ ಕಾಲ ಏಳು ವರ್ಷ, ಏಳು ತಿಂಗಳು, ಏಳು ದಿನ ಎಂದು ಆತ ಲೆಕ್ಕವಿಟ್ಟಿದ್ದ. ಒಟ್ಟು ಜನಸಂಖ್ಯೆ ಸುಮಾರು 15 ಲಕ್ಷ 26 ಸಾವಿರ ಎಂದು ತಿಳಿದುಬಂತು. ಬ್ರಿಟನ್ನಿನ ಮೊದಲ ಜನಗಣತಿ ನಡೆದದ್ದು 1801ರಲ್ಲಿ, ಅಂದರೆ ಇದರ ನಂತರ. ಈ ಸಂಪುಟಗಳ ಬೆಲೆ ಅವುಗಳ ಒಟ್ಟು ಮೊತ್ತಗಳಿಗಿಂತ ಅವುಗಳ ಏರುಪೇರಿನಲ್ಲಿದೆ ಎನ್ನಬೇಕು. ಒಬ್ಬ ಪಾದ್ರಿ ನಾಲ್ಕು ಪುಟಕ್ಕೆ ಕೈಮುಗಿದರೆ ಇನ್ನೊಬ್ಬ ಹಕ್ಕಿಗಳು, ಬುಗ್ಗೆಗಳು, ಹಾಳು ಕೋಟೆಗಳನ್ನೆಲ್ಲ ಬಣ್ಣಿಸಿದ್ದಾನೆ. ಕೂಲಿಯವನ ಮನೆಯ ವರ್ಷದ ಖರ್ಚುವೆಚ್ಚವನ್ನು ಕೆಲವರು ಬಿಡಿಬಿಡಿಯಾಗಿ ಬರೆದಿಟ್ಟಿದ್ದಾರೆ. ಹೊಲಗಳನ್ನು ಕೂಡಿಸಿದ್ದರಿಂದ ತಮ್ಮ ಪ್ಯಾರಿಷ್‌ನ ಮನೆಗಳು ಬರಿದಾದವೆಂದು ನೇರವಾಗಿ ಹೇಳಿದವರೂ ಇದ್ದಾರೆ. ಒಬ್ಬ ಸುಧಾರಕ ಮಾಡಿಸಿದ ಪುಸ್ತಕದಲ್ಲೇ ಸುಧಾರಣೆಯ ಮೇಲಿನ ದೂರು ಅಚ್ಚಾಗಿರುವುದು ಸಿಂಕ್ಲೇರ್‌ನ ಪ್ರಾಮಾಣಿಕತೆಗೆ ಸಾಕ್ಷಿಯೆಂದು ನಾನು ಭಾವಿಸುತ್ತೇನೆ.

1793ರಲ್ಲಿ ಪ್ರಧಾನಿ ಪಿಟ್‌ನ ಒಪ್ಪಿಗೆಯಿಂದ ಕೃಷಿ ಮಂಡಲಿ ಸ್ಥಾಪನೆಯಾಯಿತು. ಸಿಂಕ್ಲೇರ್ ಅದರ ಮೊದಲ ಅಧ್ಯಕ್ಷ, ಬೇಸಾಯದ ಬಗ್ಗೆ ಬರೆದು ಹೆಸರಾಗಿದ್ದ ಆರ್ಥರ್ ಯಂಗ್ ಕಾರ್ಯದರ್ಶಿ. ಪ್ಯಾರಿಷ್‌ಗಳಲ್ಲಿ ಮಾಡಿದ್ದನ್ನು ಇಡೀ ಬ್ರಿಟನ್ನಿನ ಕೌಂಟಿಗಳಿಗೆ ವಿಸ್ತರಿಸಿ, ಪ್ರತಿ ಕೌಂಟಿಯ ಬೇಸಾಯದ ವರದಿಯನ್ನು ಈ ಮಂಡಲಿ ಬರೆಸಿತು. 1798ರಲ್ಲಿ ಆತ ಅಧ್ಯಕ್ಷಸ್ಥಾನ ಕಳೆದುಕೊಂಡ, 1806ರಲ್ಲಿ ಮರಳಿ ಪಡೆದ. ಮಂಡಲಿ 1822ರಲ್ಲಿ ಮುಚ್ಚಿತು.

ಊರೂರು ಸುತ್ತಿ, ಕೇಳಿ, ಬರೆದಿಡುವ ಈ ಸ್ಕಾಟಿಷ್ ಹವ್ಯಾಸ ಅದೇ ವರ್ಷಗಳಲ್ಲಿ ನಮ್ಮ ನಾಡಿಗೂ ಕಾಲಿಟ್ಟಿತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರ್‌ಗಳ ಬೇಸಾಯವನ್ನು ಸಮೀಕ್ಷೆ ಮಾಡಿದ ಫ್ರಾನ್ಸಿಸ್ ಬುಕಾನನ್ ಎಡಿನ್‌ಬರೊದಲ್ಲಿ ವೈದ್ಯಶಾಸ್ತ್ರ ಓದಿದ ಸ್ಕಾಟ್. ಮುಂದೆ ಊರಿಗೆ ಮರಳಿ ಪರ್ತ್‌ಶೈರಿನ ಲೆನಿ ಎಸ್ಟೇಟಿನ ಒಡೆಯನಾದವನು. ರಾಗಿಯ ಬಿತ್ತನೆ, ಕೆರೆಯ ನೀರು, ಅಡಿಕೆಯ ತೋಟ, ಕೂಲಿಯ ದರಗಳನ್ನು ಆತ ಪ್ರತಿ ಊರಿನಲ್ಲಿ ಬಿಡದೆ ವಿಚಾರಿಸಿದ ಪರಿಯಲ್ಲಿ ಸಿಂಕ್ಲೇರ್ ಕಾಲದ ಪ್ರಶ್ನಾವಳಿಯ ಮನೋಧರ್ಮ ಕಾಣುತ್ತದೆ.

ಇನ್ನು ಕುರಿಯ ಕಥೆ. ಬ್ರಿಟನ್ನಿನ ಒಳ್ಳೆಯ ಬಟ್ಟೆಗೆ ನಯವಾದ ಉಣ್ಣೆ ಸ್ಪೇನಿನಿಂದ ಬರುತ್ತಿತ್ತು. ಅಂಥ ಉಣ್ಣೆಯನ್ನು ದೇಶದಲ್ಲೇ ಬೆಳೆಯಬೇಕೆಂದು ಸಿಂಕ್ಲೇರ್ 1791ರಲ್ಲಿ ಉಣ್ಣೆ ಸಂಘವೊಂದನ್ನು ಕಟ್ಟಿದ. ಎಡಿನ್‌ಬರೊ ಬಳಿಯ ಕ್ವೀನ್ಸ್‌ಫೆರಿಯ ಒಂದು ಛತ್ರದಲ್ಲಿ ನಡೆದ ಉಣ್ಣೆ ಕತ್ತರಿಸುವ ಉತ್ಸವದೊಂದಿಗೆ ಅದರ ಆರಂಭವಾಯಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳ ಗಡಿಯ ಗುಡ್ಡಗಳಲ್ಲಿ ಆತ ಬಿಳಿಮೋರೆಯ, ಒತ್ತಾದ ಉಣ್ಣೆಯ ಒಂದು ತಳಿಯನ್ನು ಮೆಚ್ಚಿದ. ಚೆವಿಯಟ್ ಎಂಬ ಹೆಸರು ಆ ತಳಿಗೆ ನಿಂತದ್ದು ಆತನಿಂದಲೇ. ಇಷ್ಟು ಉತ್ತರದ ಚಳಿಯಲ್ಲಿ ಅದು ಬದುಕುವುದಿಲ್ಲವೆಂದು ಹಲವರು ಹೇಳಿದರು. ಲ್ಯಾಂಗ್‌ವೆಲ್‌ಗೆ ಬಂದ 500 ಕುರಿಗಳು ಬದುಕಿದವು, ಹೆಚ್ಚಿದವು. ಪ್ರಯೋಗ ಗೆದ್ದಿತು, ಕಷ್ಟ ಶುರುವಾದದ್ದು ಆ ಗೆಲುವಿನಿಂದ.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೈಲ್ಯಾಂಡಿನ ಒಕ್ಕಲೆಬ್ಬಿಸುವಿಕೆಯ ಗುಟ್ಟು ಇದರಲ್ಲಿದೆ. ಹೈಲ್ಯಾಂಡಿನ ಬೆಟ್ಟಗಳು ಯಾರೂ ಇಲ್ಲದ ಬಂಜರು, ಕುರಿ ಮೇಯ್ದರೆ ಯಾರಿಗೇನು ನಷ್ಟ ಎಂದು ದಕ್ಷಿಣದವರಿಗೆ ತೋರುತ್ತಿತ್ತು. ವಾಸ್ತವದಲ್ಲಿ ಒಕ್ಕಲುಗಳು ಬೇಸಿಗೆಯಲ್ಲಿ ತಮ್ಮ ಕಪ್ಪು ದನಗಳನ್ನು ಅದೇ ಬೆಟ್ಟಗಳಿಗೆ ಹೊಡೆದುಕೊಂಡು ಹೋಗಿ, ಗುಡಿಸಲು ಹಾಕಿ, ಹಾಲು ಕರೆದು ಬೆಣ್ಣೆ ಮಾಡುತ್ತಿದ್ದರು. ಗೇಣಿಗೆ ಹಣ ಹುಟ್ಟುತ್ತಿದ್ದುದು ಆ ದನಗಳನ್ನು ಮಾರಿಯೇ. ಬೆಟ್ಟ ಹೋದರೆ ದನ ಹೋಯಿತು, ದನ ಹೋದರೆ ಗೇಣಿ ಕಟ್ಟುವ ಶಕ್ತಿ ಹೋಯಿತು. ಇನ್ನೊಂದು ಕಡೆಯಿಂದ ನೋಡಿದರೆ, ಚೆವಿಯಟ್ ಕುರಿಗೆ ಬೇಸಿಗೆಯಲ್ಲಿ ಬೆಟ್ಟ ಸಾಕು, ಆದರೆ ಹಿಮ ಬೀಳುವ ತಿಂಗಳುಗಳಲ್ಲಿ ಅದಕ್ಕೆ ಗಾಳಿಯ ಮರೆಯುಳ್ಳ, ಹುಲ್ಲು ಉಳಿದಿರುವ ತಗ್ಗು ನೆಲ ಬೇಕೇ ಬೇಕು. ಅಂಥ ನೆಲ ಇದ್ದುದು ಕಣಿವೆಯ ತಳದಲ್ಲಿ, ಹೊಳೆಯ ಬದಿಯಲ್ಲಿ. ಜನ ಇದ್ದುದೂ ಅಲ್ಲಿಯೇ; ಅವರ ಓಟ್ಸ್, ಅವರ ಮನೆ, ಅವರ ಮಸಣ ಎಲ್ಲವೂ ಅಲ್ಲಿ. ಸಾವಿರಾರು ಕುರಿಯ ಹಿಂಡಿಗೆ ಕೆಲವೇ ಕುರುಬರು ಸಾಕು. ದಕ್ಷಿಣದಿಂದ ಬಂದ ಬಂಡವಾಳದ ಕುರಿಗಾರನೊಬ್ಬ ಇಡೀ ಕಣಿವೆಯ ಗೇಣಿಯನ್ನು ಹೆಚ್ಚಿನ ದರದಲ್ಲಿ ಒಂದೇ ಕಂತಿನಲ್ಲಿ ಕೊಡಬಲ್ಲವನಾಗಿದ್ದ. ಹಾಗಾಗಿ ಹಳೆಯ ಬೇಸಾಯದ ಪಕ್ಕದಲ್ಲಿ ಕುರಿಗೂ ಒಂದಿಷ್ಟು ಜಾಗ ಎಂಬ ಏರ್ಪಾಡು ಕಾಗದದ ಮೇಲೆ ಮಾತ್ರ ನಿಂತಿತು.

ಸಿಂಕ್ಲೇರ್‌ಗೆ ಈ ಅಪಾಯದ ಅರಿವಿತ್ತು. ಒಕ್ಕಲುಗಳನ್ನು ಒಮ್ಮೆಗೇ ಎಬ್ಬಿಸಿ ದೊಡ್ಡ ಕುರಿಗಾರರಿಗೆ ನೆಲ ಕೊಡುವುದು ತಪ್ಪೆಂದು, ಸಣ್ಣ ಒಕ್ಕಲುಗಳೇ ಕೂಡಿ ತಮ್ಮ ತಮ್ಮ ಕುರಿಗಳನ್ನು ಒಂದು ಹಿಂಡು ಮಾಡಿ ಒಬ್ಬ ಕುರುಬನನ್ನು ಇಟ್ಟುಕೊಳ್ಳಬೇಕೆಂದು ಆತ ಸಲಹೆ ಮಾಡಿದ್ದ. ಒಳ್ಳೆಯ ಸಲಹೆ. ಆದರೆ ಆತನ ಸ್ವಂತ ಎಸ್ಟೇಟಿನಲ್ಲೇ ಲ್ಯಾಂಗ್‌ವೆಲ್, ಬೆರಿಡೇಲ್, ಔಸ್‌ಡೇಲ್ ಕಣಿವೆಗಳ ಕುಟುಂಬಗಳು ಹೊರಡಬೇಕಾಯಿತು; ಅವರಿಗೆ ಕಡಲಂಚಿನಲ್ಲಿ ಚಿಕ್ಕ ತುಂಡು ನೆಲ ಸಿಕ್ಕಿತು. ಅದೇ 1792ರ ಬೇಸಿಗೆಯಲ್ಲಿ ದಕ್ಷಿಣದ ರಾಸ್ ಸೀಮೆಯ ಒಕ್ಕಲುಗಳು ಗುಂಪು ಕಟ್ಟಿ ಸಾವಿರಾರು ಕುರಿಗಳನ್ನು ತಮ್ಮ ಸೀಮೆಯಿಂದಲೇ ಹೊಡೆದು ಓಡಿಸಲು ಹೊರಟರು. ಸೈನ್ಯ ಬಂದು ಅವರನ್ನು ತಡೆಯಿತು, ಮುಂದಾಳುಗಳ ವಿಚಾರಣೆ ಇನ್‌ವರ್‌ನೆಸ್‌ನಲ್ಲಿ ನಡೆಯಿತು. ಗೇಲಿಕ್ ಮಾತಾಡುವ ಜನರ ನೆನಪಿನಲ್ಲಿ ಆ ವರ್ಷದ ಹೆಸರು ‘ಕುರಿಗಳ ವರ್ಷ’. ಮುಂದಿನ ಮೂರು ದಶಕಗಳಲ್ಲಿ ಚೆವಿಯಟ್ ಹಿಂಡುಗಳು ಸಿಂಕ್ಲೇರ್‌ನ ತಾಯಿಯ ತವರಾದ ಸದರ್‌ಲ್ಯಾಂಡಿನ ಒಳನಾಡನ್ನೆಲ್ಲ ತುಂಬಿದವು. ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814ರಲ್ಲೂ 1819ರಲ್ಲೂ ಮನೆಗಳಿಗೆ ಬೆಂಕಿ ಇಟ್ಟು ಜನರನ್ನು ಹೊರಹಾಕಿದರು. ಆ ಕ್ರೌರ್ಯ ಸಿಂಕ್ಲೇರ್ ಮಾಡಿದ್ದಲ್ಲ, ಆತ ಬಯಸಿದ್ದೂ ಅಲ್ಲ. ಆದರೆ ಆ ಚಳಿಯಲ್ಲಿ ಈ ಕುರಿ ಬದುಕುತ್ತದೆ ಎಂದು ಮಾಡಿ ತೋರಿಸಿದವನು ಆತ.

ತಪ್ಪಿನ ಬೇರು ಎಲ್ಲಿತ್ತು? ನನಗೆ ತೋರುವುದು ಇಷ್ಟು. ಸಿಂಕ್ಲೇರ್ ಸುಖವನ್ನು ಕುರಿತು ಪಾದ್ರಿಗಳನ್ನು ಕೇಳಿದ, ಒಕ್ಕಲುಗಳನ್ನು ಕೇಳಲಿಲ್ಲ. ಬೆನ್ ಚೀಲ್ಟ್ ಗುಡ್ಡದ ಮೇಲೆ 1260 ಮಂದಿಯನ್ನು ಗುರುತು ಹಾಕಿದ ಜಾಗದಲ್ಲಿ ನಿಲ್ಲಿಸಿದವನಿಗೆ, ಒಂದು ಕುಟುಂಬವನ್ನು ಕಣಿವೆಯಿಂದ ಕಡಲಂಚಿಗೆ ಕಳಿಸುವುದು ನಕ್ಷೆಯ ಮೇಲಿನ ಒಂದು ತಿದ್ದುಪಡಿಯಾಗಿ ಕಂಡಿರಬೇಕು. ಹೋಗಲಾರೆ ಎನ್ನುವ ಹಕ್ಕು ಒಕ್ಕಲಿಗೆ ಕಾನೂನಿನಲ್ಲೇ ಇರಲಿಲ್ಲ. ಕರಾರು ಮುಗಿದೊಡನೆ ನೆಲದ ಮೇಲಿನ ಆತನ ಸಂಬಂಧ ಮುಗಿಯುತ್ತಿತ್ತು. ಒಡೆಯ ಸಜ್ಜನನಾಗಿರುವಷ್ಟು ದಿನ ಸಲಹೆ ನಡೆಯುತ್ತದೆ. ಒಡೆಯ ಬದಲಾದರೆ, ಇಲ್ಲವೇ ಸಾಲ ಏರಿದರೆ, ಉಳಿಯುವುದು ಗೇಣಿಯ ಲೆಕ್ಕವೊಂದೇ.

ಸಾಲ ಏರಿತು. ಫ್ರಾನ್ಸಿನ ವಿರುದ್ಧದ ಯುದ್ಧಕಾಲದಲ್ಲಿ ಆತ 1794ರಲ್ಲಿ ಊರಿನವರ ದಳವೊಂದನ್ನು ಕಟ್ಟಿದ್ದ. ಆ ದಳದ ಸಮವಸ್ತ್ರದಲ್ಲಿ ನಿಂತ ಎತ್ತರದ ಸಿಂಕ್ಲೇರ್‌ನನ್ನು ಹೆನ್ರಿ ರೇಬರ್ನ್ ಚಿತ್ರಿಸಿದ್ದಾನೆ. ರಸ್ತೆ, ಊರು, ದಳ, ಸಂಘ, ಪುಸ್ತಕ ಎಲ್ಲಕ್ಕೂ ಸುರಿದ ಹಣ ಕೊನೆಗೆ ಆತನ ಕೈ ಮೀರಿತು. 1811ರಲ್ಲಿ ಪಾರ್ಲಿಮೆಂಟನ್ನು ಬಿಟ್ಟು ಸ್ಕಾಟ್ಲೆಂಡಿನ ಅಬಕಾರಿ ಇಲಾಖೆಯ ಖಜಾಂಚಿ ಹುದ್ದೆಯನ್ನು ಒಪ್ಪಿಕೊಂಡ. ಆಮೇಲೂ ಬರೆಯುವುದು ನಿಲ್ಲಲಿಲ್ಲ. ಬೇಸಾಯದ ತತ್ತ್ವಗಳನ್ನೆಲ್ಲ ಕ್ರೋಡೀಕರಿಸಿದ ದೊಡ್ಡ ಗ್ರಂಥ 1817ರಲ್ಲಿ ಬಂತು. ಎರಡು ಮದುವೆಗಳಿಂದ ಹದಿನೈದು ಮಕ್ಕಳು. ಅವರಲ್ಲಿ ಕ್ಯಾಥರಿನ್ ಮಕ್ಕಳ ಕಥೆಗಳ ಲೇಖಕಿಯಾಗಿ ಹೆಸರು ಮಾಡಿದಳು. 1835ರ ಡಿಸೆಂಬರ್ 21ರಂದು ಎಡಿನ್‌ಬರೊದಲ್ಲಿ ಆತ ತೀರಿಕೊಂಡ. ಆ ಹೊತ್ತಿಗೆ ಸ್ಕಾಟ್ಲೆಂಡಿನ ಪಾದ್ರಿಗಳು ಎರಡನೆಯ ಬಾರಿಗೆ ತಮ್ಮ ಪ್ಯಾರಿಷ್‌ಗಳ ವಿವರ ಬರೆಯಲು ತೊಡಗಿದ್ದರು.

ಲ್ಯಾಂಗ್‌ವೆಲ್ ಎಸ್ಟೇಟ್ ಬೇರೆ ಒಡೆಯರ ಕೈ ಸೇರಿತು. ಕಣಿವೆಯಿಂದ ಬಂದವರು ಕಟ್ಟಿಕೊಂಡ ಹಳ್ಳಿಗಳಲ್ಲಿ ಒಂದರ ಹೆಸರು ಬ್ಯಾಡ್‌ಬೇ. ಲ್ಯಾಥರನ್ ಪ್ಯಾರಿಷ್‌ನ ದಕ್ಷಿಣದ ಕೊನೆಯಲ್ಲಿ, ಸಮುದ್ರಕ್ಕೆ ಲಂಬವಾಗಿ ಇಳಿಯುವ ಬಂಡೆಗಳ ಮೇಲಿನ ಇಳಿಜಾರಿನಲ್ಲಿ ಅದು ಇತ್ತು. ಮನೆ ಕಟ್ಟುವ ಮೊದಲು ಕಲ್ಲು ಆಯ್ದು ನೆಲ ಬಿಡಿಸಬೇಕಾಗಿತ್ತು. ಆಯ್ದ ಕಲ್ಲೇ ಗೋಡೆಯಾಯಿತು. ಗಾಳಿಯ ರಭಸಕ್ಕೆ ಬಂಡೆಯಿಂದ ಕೆಳಗೆ ಬೀಳಬಾರದೆಂದು ದನ, ಕೋಳಿಗಳನ್ನು ಮಾತ್ರವಲ್ಲ, ಮಕ್ಕಳನ್ನೂ ಹಗ್ಗದಲ್ಲಿ ಕಟ್ಟಿರುತ್ತಿದ್ದರೆಂದು ಅಲ್ಲಿಯವರು ಹೇಳುತ್ತ ಬಂದಿದ್ದಾರೆ. ಗಂಡಸರು ಬೆರಿಡೇಲ್‌ನ ದಡದಿಂದ ಹೆರಿಂಗ್ ಮೀನಿಗೆ ಹೋಗುತ್ತಿದ್ದರು, ಹೆಂಗಸರು ದಡದಲ್ಲಿ ಮೀನು ಹಸನು ಮಾಡುತ್ತಿದ್ದರು. ಒಂದೊಂದೇ ಕುಟುಂಬ ಕಡಲಾಚೆಗೆ ಹೊರಟುಹೋಯಿತು. ಕೊನೆಯ ನಿವಾಸಿ ಬ್ಯಾಡ್‌ಬೇಯನ್ನು ಬಿಟ್ಟದ್ದು 1911ರಲ್ಲಿ. ಅದೇ ವರ್ಷ, ಹಿಂದೆ 1839ರಲ್ಲಿ ಅಲ್ಲಿಂದ ನ್ಯೂಜಿಲೆಂಡಿಗೆ ವಲಸೆ ಹೋಗಿದ್ದ ಅಲೆಕ್ಸಾಂಡರ್ ರಾಬರ್ಟ್ ಸದರ್‌ಲ್ಯಾಂಡ್ ಎಂಬಾತನ ಮಗ ಡೇವಿಡ್, ತಂದೆಯ ನೆನಪಿಗಾಗಿಯೂ ಆ ಹಳ್ಳಿಯವರ ನೆನಪಿಗಾಗಿಯೂ ಅಲ್ಲಿ ಕಲ್ಲಿನ ಸ್ಮಾರಕವೊಂದನ್ನು ಕಟ್ಟಿಸಿದ. ಮುರಿದ ಗೋಡೆಗಳ ನಡುವೆ, ಸಮುದ್ರಕ್ಕೆ ಎದುರಾಗಿ ಅದು ಈಗಲೂ ನಿಂತಿದೆ. ಅದರ ಮೇಲೆ ಅಲ್ಲಿ ಬಾಳಿದವರ ಹೆಸರುಗಳಿವೆ.